ಹರಿದ ಹಾಳೆಯ ಹದಿನಾಲ್ಕು ನಡೆ

ಸೂರ್ಯಕಾಂತಿ ಬೀಜ ತಿನ್ನುವ ಚಟವೇ ಕ್ಷೌರಿಕ ಯುಲ್ದಾಶನಿಗೆ ಮುಳುವಾಯಿತು. ಅಂದು ಬೆಳಿಗ್ಗೆ ನಮ್ಮೂರು ಮರ್ಗಿಲಾನದ ಸಂತೆಯಲ್ಲಿ ಎರಡು ಪೊಟ್ಟಣ ಕೊಂಡು, ಒಂದನ್ನು ಎದುರಿಗೆ ಸಿಕ್ಕ ಮೂಮಿನ್ ಮೇಷ್ಟ್ರ ಕೈಗಿಟ್ಟ. ಸಂಜೆಯ ಚದುರಂಗದಲ್ಲಿ ಮೇಷ್ಟ್ರೇ ಅವನ ಎದುರಾಳಿ. ಆದರೂ ಹಿರಿಯರಿಗೆ ಕೊಡದೆ ತಾನೊಬ್ಬನೇ ತಿನ್ನುವ ರೂಢಿ ನಮ್ಮೂರಲ್ಲಿಲ್ಲ.

ತನ್ನ ಬೀಜ ಮುಗಿದಾಗ ಪೊಟ್ಟಣದ ಕಾಗದ ಯುಲ್ದಾಶನ ಕಣ್ಣಿಗೆ ಬಿತ್ತು. ಹಳೆಯ ಚದುರಂಗ ಪತ್ರಿಕೆಯ ಹರಿದ ಹಾಳೆ. ಯಾವುದೋ ದೊಡ್ಡ ಪಂದ್ಯದ ಮೊದಲ ಹದಿನಾಲ್ಕು ನಡೆ. ಅದೂ ಮೇಷ್ಟ್ರು ಕಪ್ಪು ಕಾಯಿ ಹಿಡಿದಾಗಲೆಲ್ಲ ಇಪ್ಪತ್ತು ವರ್ಷದಿಂದ ಬಿಡದೆ ಆಡುವ ಆರಂಭವೇ. “ಇಲ್ಲಿಂದ ಬಿಳಿಯ ಗೆಲುವು ಖಚಿತ” ಎಂಬಲ್ಲಿಗೆ ಹಾಳೆ ಹರಿದಿತ್ತು. ಸಂಜೆ ಬಿಳಿ ಕಾಯಿ ಯುಲ್ದಾಶನದು. ಇನ್ನೇನು ಬೇಕು?

ಗೆಲ್ಲಲೇಬೇಕಿತ್ತು. ಚಹಾದಂಗಡಿಯಲ್ಲಿ ಅವರಿಬ್ಬರಿಗೂ ವರ್ಷಕ್ಕೊಂದು ಪಂದ್ಯ. ಸೋತವನು ವರ್ಷವಿಡೀ ಬಾಗಿಲ ಬಳಿ ಕೂತು ಎಲ್ಲರಿಗೂ ಚಹಾ ಬಗ್ಗಿಸಬೇಕು. ಯುಲ್ದಾಶ ಆರು ವರ್ಷ ಬಗ್ಗಿಸಿದ್ದ, ಅದು ಹೇಗೋ ನಡೆಯಿತು. ಈಗ ಮಗಳ ಮಾವ, ಮಾಂಸದಂಗಡಿಯ ಕೋಸಿಮರೂ ಅಲ್ಲಿಗೇ ಬರತೊಡಗಿದ್ದರು. ಬೀಗರ ಮುಂದೆ ಕೆಟಲು ಹಿಡಿದರೆ ಹೆಣ್ಣು ಕೊಟ್ಟವನ ಮಾನ ಉಳಿದೀತೆ?

ಹಾಳೆಯನ್ನು ಕನ್ನಡಿಗೆ ಸಿಕ್ಕಿಸಿ ಬಾಯಿಪಾಠ ಮಾಡುತ್ತಲೇ ಕ್ಷೌರ ನಡೆಸಿದ. ಮಧ್ಯಾಹ್ನ ಕುರ್ಚಿಯಲ್ಲಿ ಕೂತವರು ಅದೇ ಬೀಗರು. ಅವರಿಗೆ ಸುಮ್ಮನಿದ್ದು ಗೊತ್ತಿಲ್ಲ. ಹಾಳೆ ನೋಡಿ, ಮೊದಲು ಒಂಟೆ ಹೊರಡಲಿ ಎಂದರು. ಇವನು ಇಲ್ಲ, ಕುದುರೆ ಎಂದು ಕೈಯಲ್ಲೇ ಅದರ ಜಿಗಿತ ತೋರಿಸಿದ. ಕತ್ತಿಯೂ ಜಿಗಿಯಿತು. ಎಡಮೀಸೆ ಬೀಗರ ಮಡಿಲಿಗೆ ಬಿತ್ತು. ಬಲಗಡೆಯದನ್ನೂ ತೆಗೆಯದೆ ವಿಧಿಯಿರಲಿಲ್ಲ.

“ಸಂಜೆ ಗೆದ್ರೆ ಮೀಸೆ ವಿಷಯ ಮರೀತೀನಿ,” ಎಂದರು ಬೀಗರು. ಸೋತರೆ ಏನೆಂದು ಹೇಳಲಿಲ್ಲ.

ಸಂಜೆ ಯುಲ್ದಾಶ ಹದಿನಾಲ್ಕು ನಡೆಯನ್ನೂ ಪಟಪಟನೆ ಆಡಿದ. ಮೇಷ್ಟ್ರು ಪ್ರತಿಯೊಂದಕ್ಕೂ ಗಡ್ಡ ಕೆರೆದು, ಬೆವರೊರೆಸಿ, ಹಾಳೆಯಲ್ಲಿದ್ದಂತೆಯೇ ಉತ್ತರಿಸಿದರು. ನೆರೆದವರು ಬೆರಗಾದರು. ಯುಲ್ದಾಶ ದಿಂಬಿಗೊರಗಿ ಬೀಗರತ್ತ ನೋಡಿ ನಕ್ಕ.

ಅಲ್ಲಿಂದ ಎಲ್ಲ ತಿರುಗುಮುರುಗು. ಪಟಪಟನೆ ಆಡಿದವರು ಮೇಷ್ಟ್ರು, ಬೆವರಿದವನು ಇವನು. ಪ್ರತಿ ಸಲವೂ ಇವನಿಗೆ ಒಂದೇ ದಾರಿ ಉಳಿಯುತ್ತಿತ್ತು, ಅದೂ ಕೆಟ್ಟದ್ದು. ಹಾಳೆ ಮುಗಿದ ಮೇಲಿನ ಏಳನೆಯ ನಡೆಗೆ ಬಿಳಿ ರಾಜ ಮೂಲೆಯಲ್ಲಿ ಸಿಕ್ಕಿಬಿದ್ದ.

ಮೇಷ್ಟ್ರು ಟೋಪಿಯೊಳಗಿಂದ ಮಡಿಸಿದ ಕಾಗದ ತೆಗೆದು ಕೊಟ್ಟರು. ಹರಿದ ಹಾಳೆಯ ಉಳಿದರ್ಧ. ಹದಿನಾಲ್ಕನೆಯ ನಡೆಯಾದ ಮೇಲಿನ ಮಣೆಯ ಚಿತ್ರ, ಕೆಳಗೆ ಮಿಕ್ಕ ಆಟ. ಮೊದಲ ಸಾಲು: “ಎಂದು ನಂಬಿದ್ದೇ ಬಿಳಿಯವನ ಸೋಲಿಗೆ ಕಾರಣ.”

“ಈ ಚಿತ್ರದ ತನಕ ಹೇಗಪ್ಪಾ ಬರೋದು ಅಂತ ತಲೆ ಕೆಟ್ಟಿತ್ತು ಕಣೋ,” ಎಂದರು ಮೇಷ್ಟ್ರು. “ನೀನೇ ಕೈ ಹಿಡಿದು ಕರ್ಕೊಂಡ್ಬಂದೆ. ಬೀಜ ಕೊಡ್ಸಿದವನೂ ನೀನೇ.”

ಯುಲ್ದಾಶ ಬಾಗಿಲ ಬಳಿ ಹೋಗಿ ಕೆಟಲು ಎತ್ತಿಕೊಂಡ. ಬೀಗರು ಬೋಳು ತುಟಿ ಸವರಿಕೊಂಡು ಬಟ್ಟಲು ಚಾಚಿದರು.

“ಬಗ್ಸಿ ಬೀಗ್ರೇ. ಕೈಲಿ ಕುದುರೆ ಮಾತ್ರ ಬೇಡ.”