ಮುಖವಾಡದ ವೀರನಿಗೆ ಇಸ್ತ್ರಿ ಹಾಕಿದ್ದು

ಅಮೆರಿಕದ ಸ್ಟರ್ಲಿಂಗ್‌ನ ನಮ್ಮ ಕನ್ನಡ ಓದುಗರ ಗುಂಪಿನಲ್ಲಿ ‘ಅಗ್ಗದ ಕತೆಪತ್ರಿಕೆಗಳಿಂದ ಸೂಪರ್‌ಹೀರೋವರೆಗೆ’ ಎಂಬ ಘನವಾದ ಉಪನ್ಯಾಸ ಕೊಡಲು ನಾನೇ ಕೈ ಎತ್ತಿದೆ. ವಿಷಯವೇನೂ ಕಷ್ಟದ್ದಲ್ಲ. ಹಗಲು ಸೋಮಾರಿ ಸಿರಿವಂತ, ಇರುಳು ಮುಖವಾಡದ ವೀರ, ಒಂದು ಗುಟ್ಟಿನ ಹೆಸರು, ಒಂದು ಅಡಗುತಾಣ. ಕಾಮಿಕ್ಸ್‌ನವರು ಇದನ್ನೆಲ್ಲ ಎತ್ತಿಕೊಂಡದ್ದು ಆ ಹಳೆಯ ಪತ್ರಿಕೆಗಳಿಂದಲೇ. ಸಭೆಗೆ ತೋರಿಸಲು ಅಸಲಿ ಪ್ರತಿಯೊಂದು ಸಿಕ್ಕಿಬಿಟ್ಟರೆ!

ಗೈದರ್ಸ್‌ಬರ್ಗ್‌ನ ಶ್ರೀಪತಿ ಅಂಕಲ್ ಬಳಿ ಒಂದಿತ್ತು. ನಿವೃತ್ತ ಹೃದಯತಜ್ಞರು. ಈ ದೇಶಕ್ಕೆ ಬಂದ ಹೊಸತರಲ್ಲಿ ಕೊಂಡಿದ್ದ ಅದನ್ನು ಮಗುವಿನಂತೆ ಕಾಪಾಡಿದ್ದರು.

“ಪೇಪರ್ ತುಂಬಾ ಹಳೇದು ಕಣಯ್ಯ. ಹುಷಾರು,” ಎಂದು ಗುಡುಗಿದರು. ಅವರ ಮಾತೇ ಹಾಗೆ.

“ಡೋಂಟ್ ವರಿ ಅಂಕಲ್!”

ಮನೆಗೆ ತಂದು ಊಟದ ಮೇಜಿನ ಮೇಲೆ ತೆರೆದೆ. ಹಪ್ಪಳ ಮುರಿದ ಸದ್ದಾಯಿತು. ಮುಖಪುಟದ ವೀರನ ಟೋಪಿ ನನ್ನ ಕೈಯಲ್ಲಿತ್ತು!

“ರೀ, ಈಗ್ಲೇ ಅಂಕಲ್‌ಗೆ ಕಾಲ್ ಮಾಡಿ ಹೇಳ್ಬಿಡಿ,” ಎಂದಳು ಹೆಂಡತಿ ಸುಧಾ.

“ಹೇಳೋದಾ? ಅವ್ರ ದನಿ ಕೇಳಿದೀಯಾ ನೀನು?”

ಟೇಪ್ ಹಚ್ಚಿದೆ. ಸೊಟ್ಟಗಾಯಿತು. ಕಿತ್ತೆ. ಟೇಪಿನ ಜೊತೆ ವೀರನ ಮೂಗೂ ಬಂತು. ಸುಕ್ಕಾದರೂ ಹೋಗಲಿ ಎಂದು ಮೆಲ್ಲಗೆ ಇಸ್ತ್ರಿ ಆಡಿಸಿದೆ. ಹಬೆಯ ಗುಂಡಿ ಯಾವಾಗ ಒತ್ತಿದೆನೋ, ವೀರನ ಎದೆ ಪೂರಿಯಂತೆ ಉಬ್ಬಿತು!

ಆ ವಾರವಿಡೀ ನನಗೆ ನಿದ್ದೆಯಿಲ್ಲ. ಆಫೀಸಿನಲ್ಲಿ ಕಂಪ್ಯೂಟರ್ ಸರ್ವರ್‌ಗಳು ಸಾಲಾಗಿ ಕೆಟ್ಟು ಮಲಗಿದರೂ ಅಳುಕದ ನಾನು, ಅಂಕಲ್ ವಾಟ್ಸಾಪ್‌ನಲ್ಲಿ ಕಳಿಸಿದ ‘ಗುಡ್ ಮಾರ್ನಿಂಗ್’ ಗುಲಾಬಿ ಹೂವಿಗೆ ಬೆವತುಹೋದೆ.

ಭಾನುವಾರ ಲೈಬ್ರರಿಯ ಸಭೆ. ಅಂಕಲ್ ಮೊದಲ ಸಾಲಿನಲ್ಲೇ! ಪತ್ರಿಕೆಯನ್ನು ಪ್ಲಾಸ್ಟಿಕ್ ಕವರಿನಲ್ಲಿಟ್ಟು, ಅರ್ಧಭಾಗವನ್ನು ಕೈಯಿಂದ ಮುಚ್ಚಿ ಘೋಷಿಸಿದೆ: “ಮಿತ್ರರೇ, ಭಯವೆಂದರೇನೆಂದು ಈ ವೀರನಿಗೆ ಗೊತ್ತೇ ಇರಲಿಲ್ಲ!”

“ಆಚೆ ತೆಗೆದು ತೋರ್ಸಪ್ಪ,” ಎಂದರು ಅಂಕಲ್.

ಕವರಿನಿಂದ ಮೆಲ್ಲಗೆ ಹೊರತೆಗೆದೆ. ಅದೇ ಗಳಿಗೆಗೆ ನೆತ್ತಿಯ ಮೇಲಿನ ಏಸಿ ಭುಸ್ಸೆಂದಿತು. ವೀರನು ಚೂರು ಚೂರಾಗಿ ಸಭಿಕರ ಮೇಲೆ ಹಾರಿದ. ಅಂಕಲ್ ತೊಡೆಯ ಮೇಲೆ ಬಿದ್ದ ಚೂರನ್ನು ದಿಟ್ಟಿಸಿದರು. ಎದ್ದರು. ನನ್ನತ್ತಲೇ ಬಂದರು. ನನಗೆ ಕಣ್ಣು ಕತ್ತಲಿಟ್ಟಿತು.

ಎಚ್ಚರವಾದಾಗ ಕಾರ್ಪೆಟ್ ಮೇಲೆ ಮಲಗಿದ್ದೆ. ಕಾಲುಗಳು ಕುರ್ಚಿಯ ಮೇಲಿದ್ದವು. ಅಂಕಲ್ ನನ್ನ ನಾಡಿ ಹಿಡಿದಿದ್ದರು.

“ಸಾರಿ ಅಂಕಲ್... ಟೇಪು... ಆಮೇಲೆ ಇಸ್ತ್ರಿ...”

“ಇಸ್ತ್ರೀನಾ?” ಅವರ ದನಿ ಮೊದಲ ಸಲ ತಗ್ಗಿತು. ಒಂದು ಕ್ಷಣ ಕಣ್ಣು ಮುಚ್ಚಿದರು. “ಅದಂತೂ ಹೋಯ್ತು, ನೀನೂ ಹೋಗ್ಬೇಡ. ಮೊದ್ಲು ಜ್ಯೂಸ್ ಕುಡಿ. ಬೈಯೋದು ಆಮೇಲೆ.”

ಮಕ್ಕಳ ಆಪಲ್ ಜ್ಯೂಸ್ ಡಬ್ಬಿಯ ಸ್ಟ್ರಾವನ್ನು ಯಾರೋ ನನ್ನ ಬಾಯಿಗಿಟ್ಟರು. ಇಲ್ಲೇ ಹುಟ್ಟಿದ ನನ್ನ ಮಗಳು ಅನಿಕಾ ಬಗ್ಗಿ ನೋಡಿದಳು.

“ಅಪ್ಪ, ಇದು ಟಾಕ್‌ದು ಪಾರ್ಟಾ?”

ಸಭೆಯೆಲ್ಲ ನೋಡುತ್ತಿತ್ತು. ಹೌದೆಂದು ಗಂಭೀರವಾಗಿ ತಲೆಯಾಡಿಸಿದೆ.

“ಓಕೆ. ಬಟ್ ಹೀರೋ ಯಾರು?”

ಬಾಯಲ್ಲಿ ಸ್ಟ್ರಾ ಇದ್ದುದರಿಂದ ಉತ್ತರಿಸುವ ಪ್ರಮೇಯ ಬರಲಿಲ್ಲ.