ಸ್ವಸಂತೋಷದಿಂದ ಬರೆಸಿಕೊಟ್ಟ ಪತ್ರ

ಕಂಪ್ಯೂಟರಿಗೇ ಶಿಸ್ತು ಕಲಿಸಲು ಹೊರಟ ಮನುಷ್ಯ ಚಳ್ಳಕೆರೆಯಲ್ಲಿ ಯಾರಾದರೂ ಇದ್ದರೆ ಅದು ನಮ್ಮ ಚಿಕ್ಕಮಾವ, ಅಂದರೆ ನನ್ನ ತಾಯಿಯ ತಮ್ಮ. ನೋಂದಣಿ ಕಚೇರಿಯ ಎದುರು ಅವರದೊಂದು ಪುಟ್ಟ ಅಂಗಡಿ. ಕ್ರಯಪತ್ರ, ವಿಭಾಗಪತ್ರ ಬರೆದುಕೊಡುವುದು ಅವರ ಕಸುಬು. ಎರಡು ಸಾವಿರದ ಇಸವಿ ಕಳೆದ ಹೊಸತರಲ್ಲಿ ಅಕ್ಕಪಕ್ಕದ ಅಂಗಡಿಗಳಿಗೆಲ್ಲ ಕಂಪ್ಯೂಟರ್ ಬಂದಾಗ ಇವರೂ ಒಂದನ್ನು ತಂದರು. ತಂದಮೇಲೆ ಒಂದು ಪತ್ರಕ್ಕೆ ಮೊದಲಿಗಿಂತ ದುಪ್ಪಟ್ಟು ಹೊತ್ತು ಹಿಡಿಯತೊಡಗಿತು!

ಕಾರಣ, ಅವರು ಅಳಿಸುವ ಕೀಲಿಯನ್ನು ಮುಟ್ಟುತ್ತಿರಲಿಲ್ಲ. ಕೈಬರಹದ ಕಾಲದಲ್ಲಿ ತಪ್ಪಾದ ಪದವನ್ನು ಕಾಣುವಂತೆ ಹೊಡೆದು, ಪಕ್ಕದಲ್ಲಿ ಸಹಿ ಹಾಕಿಸಿ, ಕೊನೆಯಲ್ಲಿ ಇಂಥ ಕಡೆ ಚಿತ್ತು ಇದೆ ಎಂದು ಷರಾ ಬರೆಯುವುದು ಪದ್ಧತಿ. ಗುರುತಿಲ್ಲದಂತೆ ಅಳಿಸುವುದೆಂದರೆ ಅವರ ಕಣ್ಣಿಗೆ ಮೋಸ. ಹಾಗಾಗಿ ತಪ್ಪನ್ನೂ ಶ್ರದ್ಧೆಯಿಂದ ಮುದ್ರಿಸಿ, ಆಮೇಲೆ ಪೆನ್ನಿನಲ್ಲಿ ಹೊಡೆಯುತ್ತಿದ್ದರು.

"ಅಳಿಸೋಕೆ ಅಂತಲೇ ಕೀಲಿ ಐತಲ್ಲರೀ," ಎಂದರು ಪಕ್ಕದ ಅಂಗಡಿಯವರು.

"ಪೊಲೀಸರತ್ರ ಬಂದೂಕೂ ಐತೆ. ಕಂಡಕಂಡೋರಿಗೆ ಹೊಡೀತಾರಾ?"

ಇಂಥವರು ಒಂದು ದಿನ ಕಾಪಿ ಹೊಡೆಯುವ ವಿದ್ಯೆ ಕಲಿತುಬಿಟ್ಟರು. ಆಮೇಲೆ ಕೇಳಬೇಕೆ! ಹಳೆಯ ಪತ್ರವನ್ನು ಇಡಿಯಾಗಿ ಎತ್ತಿ, ಹೆಸರು, ನಾಲ್ಕು ದಿಕ್ಕಿನ ಚಕ್ಕುಬಂದಿ ಮಾತ್ರ ಬದಲಿಸಿದರೆ ಮುಗಿಯಿತು. ಪರಶುರಾಂಪುರದ ಕಡೆಯಿಂದ ಕುರಿ ಸಾಕುವವರೊಬ್ಬರು ತಮ್ಮ ಒಣ ಹೊಲ ಮಾರಲು ಬಂದಿದ್ದರು. ಸಹಿಗೆ ಮುಂಚೆ ಪತ್ರವನ್ನು ಪೂರ್ತಿ ಓದಿ ಹೇಳುವುದು ಮಾವನ ನೇಮ. "ಸದರಿ ಜಮೀನಿನಲ್ಲಿರುವ ತುಂಬಿದ ಬಾವಿ, ಫಲ ಕೊಡುವ ತೆಂಗಿನ ಮರಗಳ ಸಮೇತ" ಎಂದು ಓದುತ್ತಿದ್ದಂತೆ ಆ ಹಿರಿಯರು ಕೈ ಅಡ್ಡ ಹಿಡಿದರು.

"ನಿಲ್ಲಿಸ್ರಿ ಸ್ವಾಮಿ. ಇಷ್ಟೆಲ್ಲ ಐತೆ ಅಂತ ಮೊದಲೇ ಹೇಳಿದ್ರೆ ನಾನ್ಯಾಕೆ ಮಾರ್ತಿದ್ದೆ?"

ಕಾನೂನಿನ ಪದ್ಧತಿಗಳಲ್ಲಿ ನನಗೆ ಎಂದೂ ಅರ್ಥವಾಗದ್ದು ಹಕ್ಕು ಬಿಡುಗಡೆ ಪತ್ರ. ತವರಿನ ಆಸ್ತಿಯಲ್ಲಿ ತಮಗಿರುವ ಪಾಲನ್ನು ಹೆಣ್ಣುಮಕ್ಕಳು ಅರಿಶಿನ ಕುಂಕುಮ ಪಡೆದು, "ಸ್ವಸಂತೋಷದಿಂದ, ಯಾರ ಒತ್ತಾಯವೂ ಇಲ್ಲದೆ" ಅಣ್ಣತಮ್ಮಂದಿರಿಗೆ ಬಿಟ್ಟುಕೊಡುತ್ತಾರೆ. ಈ ಸಾಲನ್ನೂ ಮಾವ ಕಾಪಿಯಲ್ಲೇ ಇಟ್ಟುಕೊಂಡಿದ್ದರು. ಸಹಿ ಹಾಕಲು ಬಂದವರ ಮುಖ ಹೇಗೇ ಇರಲಿ, ಪತ್ರದಲ್ಲಿ ಮಾತ್ರ ಎಲ್ಲರೂ ಸಂತುಷ್ಟರು!

ಒಂದು ದಿನ ಆ ಸಾಲು ನಮ್ಮ ಅವ್ವನ ಪಾಲಿಗೂ ಬಂತು. ಅಪ್ಪ ತೀರಿಕೊಂಡ ಮೇಲೆ ಅವ್ವ ಮೊಳಕಾಲ್ಮೂರಿನ ತವರುಮನೆಗೆ ಮರಳಿ, ಮುಂದಿನ ಕೋಣೆಯ ಗುಂಡಿ ಮಗ್ಗದಲ್ಲಿ ರೇಷ್ಮೆ ಸೀರೆ ನೇಯುತ್ತ ನನ್ನನ್ನು ಓದಿಸುತ್ತಿದ್ದಳು. ಅವ್ವನ ಅಣ್ಣನಾದ ದೊಡ್ಡಮಾವನಿಗೆ ಆ ಮನೆ ಕೆಡವಿ ಕಟ್ಟುವ ಆಸೆ; ಅದಕ್ಕೆ ಅವ್ವ ತನ್ನ ಪಾಲು ಬಿಟ್ಟುಕೊಡಬೇಕಿತ್ತು. ಬೇರೆಯವರ ಹತ್ತಿರ ಬರೆಸಿದರೆ ಮರ್ಯಾದೆ ಹೋಗುತ್ತದೆಂದು ಅವ್ವನನ್ನು ತಮ್ಮನ ಅಂಗಡಿಗೇ ಕರೆತಂದರು. ಜೊತೆಗೆ ನಾನೂ ಹೋಗಿದ್ದೆ.

ಚಿಕ್ಕಮಾವ ಹೆಸರು ಹಾಕಿದರು, ಚಕ್ಕುಬಂದಿ ಹಾಕಿದರು. ಉಳಿದದ್ದು ಕಾಪಿ ಹೊಡೆಯುವ ಒಂದು ಸಾಲು. ಅಲ್ಲಿ ಕೈ ನಿಂತಿತು. ಕನ್ನಡಕ ತೆಗೆದು ಅಕ್ಕನ ಕಡೆ ತಿರುಗಿದರು.

"ಅಕ್ಕ, ನಿಂಗೆ ಸಂತೋಷ ಐತಾ?"

"ಅದನ್ನೇನು ಕೇಳ್ತೀಯ ಲೇ, ಬರಿ ಸುಮ್ನೆ. ಎಲ್ಲರಿಗೂ ಬರೆಯೋದೇ ತಾನೆ," ಎಂದರು ದೊಡ್ಡಮಾವ.

ಅವ್ವ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತ ಮೆಲ್ಲಗೆ ಹೇಳಿದಳು. "ನೆಲ ತೋಡಿ ಹಾಕಿರೋ ಮಗ್ಗ. ಎತ್ಕೊಂಡು ಎಲ್ಲಿಗೆ ಹೋಗ್ಲಪ್ಪ?"

ಚಿಕ್ಕಮಾವ ಕನ್ನಡಕ ಮತ್ತೆ ಹಾಕಿಕೊಂಡರು. ಬಿಡುಗಡೆಯಾಗುವ ಪಾಲಿನಲ್ಲಿ ಅವರಿಗೂ ಅರ್ಧ ಬರುತ್ತಿತ್ತು. ಆಮೇಲೆ ಬಗ್ಗಿ ಗೋಡೆಯಲ್ಲಿದ್ದ ಕಂಪ್ಯೂಟರಿನ ಸ್ವಿಚ್ಚು ಆರಿಸಿದರು.

"ಕರೆಂಟ್ ಹೋತು ಅಣ್ಣ."

ನಮ್ಮೆಲ್ಲರ ತಲೆಯ ಮೇಲೆ ಫ್ಯಾನು ಜೋರಾಗಿ ತಿರುಗುತ್ತಿತ್ತು. ದೊಡ್ಡಮಾವ ಅದನ್ನು ನೋಡಿದರು, ತಮ್ಮನನ್ನು ನೋಡಿದರು. ಎದ್ದು ಹೋದರು. ಅದುವರೆಗೆ ಚಿಕ್ಕಮಾವನನ್ನು ಕಂಡರೆ ನನಗೆ ನಗು ಬರುತ್ತಿತ್ತು. ಅವತ್ತು ಬರಲಿಲ್ಲ.

ಮೊಳಕಾಲ್ಮೂರಿನ ಬಸ್ಸು ಹತ್ತಿಸಲು ಚಿಕ್ಕಮಾವನೇ ಬಂದರು. ಅವ್ವ ಕಿಟಕಿಯಿಂದ ಬಗ್ಗಿ, "ಅಣ್ಣ ನಾಳೆ ಮತ್ತೆ ಬರ್ತಾನೆ ಕಣೋ, ಆಗೇನು ಮಾಡ್ತೀಯ?" ಎಂದಳು.

"ನೀನು ಆ ಮಗ್ಗದಾಗೆ ಕುಂತಿರೋ ತನಕ ನನ್ನಂಗಡಿಗೆ ಕರೆಂಟ್ ಬರಲ್ಲ. ಹೋಗಕ್ಕ, ಸೀರೆ ಅರ್ಧಕ್ಕೇ ಬಿಟ್ಟು ಬಂದೀಯ."