ಹಲ್ಲಿಗೆ ಹೆದರಿ ಹಿಡಿದ ಉಪವಾಸ

ನಾನು ಅಂಜುಬುರುಕಿಯಲ್ಲ ಎಂಬುದನ್ನು ಮೊದಲೇ ದಾಖಲಿಸಿಬಿಡುತ್ತೇನೆ. ಹಿತ್ತಿಲ ಕಟ್ಟಿಗೆ ರಾಶಿಯಿಂದ ಹೊರಬಂದ ಚೇಳನ್ನು ಚಪ್ಪಲಿಯಿಂದ ಹೊಡೆದವಳು ನಾನು. ಹೊಳೆಯ ನೀರು ಹೊಲಕ್ಕೆ ನುಗ್ಗಿದ ವರ್ಷ ಎರಡು ಎಮ್ಮೆಗಳನ್ನು ಒಬ್ಬಳೇ ಹೊಡೆದುಕೊಂಡು ದಿಬ್ಬ ಹತ್ತಿಸಿದವಳೂ ನಾನೇ. ಇಂಥ ಧೀರೆ ಒಂದು ಹಲ್ಲಿಗೆ ಹೆದರಿದಳು ಎಂದರೆ, ತಪ್ಪು ಹಲ್ಲಿನದೇ ಇರಬೇಕು!

ಅದು ಕೆಳಸಾಲಿನ ಬಲಗಡೆಯ ದವಡೆ ಹಲ್ಲು. ಚಕ್ಕುಲಿ ಕಡಿಯುವಾಗ ಅರ್ಧ ಮುರಿಯಿತು. ಶೇಡಬಾಳದ ನಮಗೆ ದೊಡ್ಡ ದವಾಖಾನೆ ಎಂದರೆ ಗಡಿಯಾಚೆಯ ಮಿರಜ್. ಅಲ್ಲಿಯ ಹಲ್ಲಿನ ಡಾಕ್ಟರಬಾಯಿ ಬಾಯೊಳಗೆ ಬೆಳಕು ಬಿಟ್ಟು ನೋಡಿ, ಇದನ್ನು ತೆಗೆಯಲೇಬೇಕು ಎಂದು ಮರಾಠಿಯಲ್ಲಿ ಬಹಳ ಮೃದುವಾಗಿ ಹೇಳಿದರು. ಆ ಮೃದುತನಕ್ಕೇ ನನ್ನ ಎದೆ ಧಸಕ್ ಎಂದಿತು. ಗುಳಿಗೆ ಕೊಟ್ಟು, ಮುಂದಿನ ವಾರ ಬನ್ನಿ ಎಂದರು.

ಮುಂದಿನ ವಾರ ದ್ರಾಕ್ಷಿ ತೋಟದಲ್ಲಿ ಆಳುಗಳಿದ್ದರು. ಅದರ ಮುಂದಿನ ವಾರ ಮಳೆ. ಅದರ ಮುಂದಿನ ವಾರ ಎಮ್ಮೆಗೆ ಮೈಯಲ್ಲಿ ಸರಿಯಿರಲಿಲ್ಲ. ಹಾಗಂತ ನಾನು ಹೇಳಿದೆ. ಗುಳಿಗೆ ಮುಗಿದವು, ನೆಪಗಳೂ ಮುಗಿಯುತ್ತ ಬಂದವು. ಅಷ್ಟರಲ್ಲಿ ಭಾದ್ರಪದ ಬಂದು, ನಮ್ಮ ಜೈನರ ಹತ್ತು ದಿನದ ದಶಲಕ್ಷಣ ಪರ್ವ ಶುರುವಾಯಿತು. ದಿನಕ್ಕೊಂದು ಧರ್ಮದ ಚಿಂತನೆ, ಬಸದಿಯಲ್ಲಿ ಪ್ರವಚನ, ಶಕ್ತಿ ಇದ್ದವರಿಗೆ ಉಪವಾಸ.

ಮೊದಲ ದಿನ ಬೆಳಿಗ್ಗೆ ತಟ್ಟೆಯ ಮುಂದೆ ಕುಳಿತು ರೊಟ್ಟಿ ಮುರಿದೆ. ಆ ಕಟ್ ಎಂಬ ಸಪ್ಪಳಕ್ಕೇ ಹಲ್ಲು ಝುಮ್ಮೆಂದಿತು. ತಟ್ಟೆ ಸರಿಸಿದೆ. ಯಜಮಾನರು ತಲೆ ಎತ್ತಿದರು.

"ಯಾಕ, ಹಲ್ಲು ನೋಯಾಕತ್ತೈತೇನು? ಗಾಡಿ ತಗೀತೇನಿ, ನಡಿ ಮಿರಜಿಗೆ."

"ಹಲ್ಲಿಗೇನೂ ಆಗಿಲ್ರಿ. ನಾ ಈ ಸಲ ಉಪವಾಸ ಹಿಡದೇನಿ."

ಆ ಮಾತು ನನ್ನೊಳಗೆ ಎಲ್ಲಿ ಅಡಗಿತ್ತೋ ದೇವರೇ ಬಲ್ಲ.

"ನೀನು? ಊಟ ಒಂದ್ ತಾಸು ತಡಾ ಆದ್ರ ಮನಿ ಮಂದಿ ಮ್ಯಾಲೆಲ್ಲಾ ಹರಿಹಾಯ್ತಿ!" ಅವರು ನಕ್ಕರು. ಮತ್ತೆ ಗಂಭೀರರಾದರು. "ಎಷ್ಟ ದಿನದ್ದು?"

"ಮೂರು."

ಒಂದು ಎಂದಿದ್ದರೆ ಸಾಕಿತ್ತು. ಆದರೆ ಸುಳ್ಳು ಹೇಳುವಾಗಲೂ ಜಿಪುಣತನ ಮಾಡುವ ಮನೆತನ ನಮ್ಮದಲ್ಲ!

ಕಾಂಪೌಂಡಿನ ಆಚೆ ಪಕ್ಕದ ಮನೆಯ ಪದ್ದಕ್ಕ ಅರಿವೆ ಒಣಹಾಕುತ್ತಿದ್ದಳು. ಯಜಮಾನರು ಹೊರಗೆ ಹೋಗಿ, "ಪದ್ದಕ್ಕಾ, ನಮ್ಮ ಮನ್ಯಾಗ ಮೂರು ಉಪವಾಸ ಹಿಡದಾರ" ಎಂದರು. ಇಪ್ಪತ್ತೈದು ವರ್ಷದ ಸಂಸಾರದಲ್ಲಿ ಅವರ ದನಿಯಲ್ಲಿ ನನ್ನ ಬಗ್ಗೆ ಅಷ್ಟು ಹೆಮ್ಮೆ ನಾನು ಕೇಳಿರಲಿಲ್ಲ. ಪದ್ದಕ್ಕನ ಕಿವಿಗೆ ಬಿದ್ದ ಸುದ್ದಿ ಅರಿವೆ ಒಣಗುವ ಮೊದಲೇ ಬಸದಿ ಮುಟ್ಟಿತು.

ನಮ್ಮದು ಬಾಳೆಹಣ್ಣು, ಸಾಬೂದಾಣಿಯ ಉಪವಾಸವಲ್ಲ. ಅನ್ನವೂ ಇಲ್ಲ, ಗುಳಿಗೆಯೂ ಇಲ್ಲ. ಹಲ್ಲು ಕೀಳಿಸುವ ಒಂದು ಗಳಿಗೆಯ ನೋವು ತಪ್ಪಿಸಲು ಹೋಗಿ ಹಲ್ಲುನೋವು, ಹಸಿವು ಎರಡನ್ನೂ ಮೈಮೇಲೆ ಎಳೆದುಕೊಂಡಿದ್ದೆ. ಸಂಜೆ ಕಾಳಿನ ಖೋಲಿಯ ಬಾಗಿಲು ಹಾಕಿಕೊಂಡು, ಜೋಳದ ಚೀಲದ ಹಿಂದೆ ಕುಳಿತು, ಒಂದು ಬಟ್ಟಲು ಗಂಜಿ ಕುಡಿದೆ. ಹೊತ್ತು ಮುಳುಗುವ ಮೊದಲೇ ಕುಡಿದೆ ಎಂಬುದೊಂದೇ ನಾನು ಪಾಲಿಸಿದ ನಿಯಮ! ಆಮೇಲೆ ದವಡೆಗೆ ಒಂದು ಲವಂಗ ಒತ್ತಿಕೊಂಡೆ.

ಎರಡನೆಯ ದಿನ ಕೆನ್ನೆ ಊದಿತು. ಪದ್ದಕ್ಕ ಬಂದು ನೋಡಿ ಕೈ ಮುಗಿದಳು.

"ವೈನಿ, ಉಪವಾಸದಾಗ ಮಂದಿ ಮಾರಿ ಬಾಡತೈತಿ. ನಿಮ್ದು ನೋಡ್ರಿ, ಹೆಂಗ ತುಂಬೈತಿ! ತಪದ ಕಳಾ ಅಂದ್ರ ಇದರಿ!"

ಆ ಕಳೆ ಬಲಗಡೆ ಮಾತ್ರ ಏಕೆ ಬಂತು ಎಂದು ಅವಳು ಕೇಳಲಿಲ್ಲ. ಉತ್ತರ ಕೊಡೋಣವೆಂದರೆ ಬಾಯಿ ತೆರೆಯುತ್ತಿಲ್ಲ.

"ಮೌನಾನೂ ಹಿಡದೀರೇನ್ರಿ?"

ನಾನು ತಲೆ ಆಡಿಸಿದೆ. ಮಾತಿಲ್ಲದೆಯೂ ಸುಳ್ಳು ಹೇಳಬಹುದು ಎಂದು ಅವತ್ತು ತಿಳಿಯಿತು.

ಅದೆಲ್ಲ ಹೇಗೋ ನಡೆಯುತ್ತಿತ್ತು. ಆದರೆ ಅವತ್ತು ಯಜಮಾನರು ತಟ್ಟೆ ಹಾಕಿಕೊಳ್ಳಲೇ ಇಲ್ಲ. "ನೀ ಮೂರು ಮಾಡಾಕತ್ತಿ. ನಾ ಒಂದರ ಮಾಡಬಾರದೇನು?" ಎಂದರು. ರೊಟ್ಟಿಯ ಜೊತೆ ಶೇಂಗಾ ಚಟ್ನಿ ಇಲ್ಲದಿದ್ದರೆ ಮುಖ ಸೊಟ್ಟಗೆ ಮಾಡುವ ಮನುಷ್ಯ ಇಡೀ ದಿನ ಬರಿಹೊಟ್ಟೆಯಲ್ಲಿ ಎಮ್ಮೆ ಹಿಂಡಿದರು, ನನ್ನ ಕೆಲಸವನ್ನೂ ಮಾಡಿದರು. ಸಂಜೆ ಚೀಲದ ಹಿಂದೆ ಕುಳಿತು ಗಂಜಿ ಕುಡಿಯುವಾಗ ಅವರ ಕೆಮ್ಮು ಪಡಸಾಲೆಯಿಂದ ಕೇಳುತ್ತಿತ್ತು. ಗಂಜಿಯೂ ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ ಎಂದು ನನಗೆ ಗೊತ್ತಿರಲಿಲ್ಲ. ಆದರೂ ಕುಡಿದೆ.

ಮೂರನೆಯ ದಿನ ಆರ್ಜವ ಧರ್ಮದ ದಿನ. ಆರ್ಜವವೆಂದರೆ ಒಳಗೊಂದು ಹೊರಗೊಂದು ಇಲ್ಲದ ನಡೆ ಎಂದು ಬಸದಿಯಲ್ಲಿ ಪಂಡಿತರು ವಿವರಿಸುತ್ತಿದ್ದರು. ನನ್ನ ಬಾಯಲ್ಲಿ ಒಳಗೆ ಲವಂಗ, ಹೊರಗೆ ಉಪವಾಸ! ಸೆರಗು ಮುಖದ ಮೇಲೆಳೆದುಕೊಂಡು ಕಂಬದ ಮರೆಗೆ ಸರಿದೆ. ಪ್ರವಚನ ಮುಗಿಯಿತು. ಉಪವಾಸ ಮಾಡಿದವರ ಉಡಿ ತುಂಬುತ್ತೇವೆ ಎಂದು ಪದ್ದಕ್ಕ ನನ್ನ ಕೈ ಹಿಡಿದು ಮುಂದೆ ಎಳೆದು ತಂದಳು. ಆರತಿ, ಕುಬಸದ ಖಣ, ತೆಂಗಿನಕಾಯಿ. ಎದುರಿಗೆ ಯಜಮಾನರು ಕೈಕಟ್ಟಿ ನಿಂತಿದ್ದರು, ಕಣ್ಣು ಒದ್ದೆ ಮಾಡಿಕೊಂಡು.

ಆಗ ಚಂದಾಬಾಯಿ ಆಯಿ ಎದ್ದು ಬಂದರು. ನಮ್ಮ ಓಣಿಯ ಹಿರಿಯರು, ಎಂಬತ್ತು ದಾಟಿದವರು, ಪ್ರತಿ ಪರ್ವದಲ್ಲೂ ಸದ್ದಿಲ್ಲದೆ ಉಪವಾಸ ಮಾಡುವವರು. ಉಪವಾಸ ಮಾಡಿದವರು ಸಣ್ಣವರಾದರೂ ಅವರಿಗೆ ನಮಸ್ಕಾರ ಮಾಡುವುದು ರೂಢಿ. ಆಯಿ ಗೋಡೆ ಹಿಡಿದು, ನಡು ಬಗ್ಗಿಸಿ, ನನ್ನ ಕಾಲಿಗೆ ಕೈ ಚಾಚಿದರು.

ಚೇಳು ಕಂಡಾಗಲೂ ನಾನು ಹಾಗೆ ಹಿಂದೆ ಜಿಗಿದಿರಲಿಲ್ಲ.

"ಆಯಿ, ಬ್ಯಾಡ್ರಿ! ನಂದು ಉಪವಾಸ ಅಲ್ರಿ, ಹಲ್ಲು ನೋವು! ಕೀಳಿಸಾಕ ಅಂಜಿ ಸುಳ್ಳ ಹೇಳೇನ್ರಿ. ಎರಡೂ ದಿನ ಜ್ವಾಳದ ಚೀಲದ ಹಿಂದ ಕುಂತು ಗಂಜಿ ಕುಡದೇನ್ರಿ!"

ಮೌನವ್ರತ ಮುರಿಯಿತು. ಬಸದಿಯವರೆಲ್ಲ ಮೌನ ಹಿಡಿದರು. ಯಜಮಾನರ ಮುಖದ ಕಡೆ ನೋಡಲಾಗಲಿಲ್ಲ.

ಆಯಿ ಅಲ್ಲೇ ಕುಳಿತು, ನನ್ನನ್ನೂ ಪಕ್ಕಕ್ಕೆ ಕೂರಿಸಿಕೊಂಡು, ಬಾಯಿ ಅಗಲಿಸಿ ತೋರಿಸಿದರು. ಒಂದು ಹಲ್ಲೂ ಇಲ್ಲ.

"ನಾನೂ ಅಂಜಿದ್ನೆವ್ವಾ. ನೋವಿಗಲ್ಲ. ಒಂದ್ ಹೋತಂದ್ರ ಉಳದಾವೂ ಪಾಳಿ ಹಚ್ಚತಾವಲ್ಲ, ಅದಕ್ಕ. ನಾಳಿಗೆ ಹೋಗೂನು, ನಾನೂ ಬರ್ತೇನಿ."

ಇಡೀ ತಿಂಗಳು ನನಗೇ ಹೊಳೆಯದ ಮಾತನ್ನು ಅವರು ಅಷ್ಟು ಸುಲಭವಾಗಿ ಹೇಳಿಬಿಟ್ಟರು. ಕನ್ನಡಿಯಲ್ಲಿ ಬಿಳಿಕೂದಲು ಕಂಡಾಗ ಬಣ್ಣ ಹಚ್ಚಿದ್ದೆ. ಹೋದ ಹಲ್ಲಿಗೆ ಏನು ಹಚ್ಚುವುದು? ಮೈಯಿಂದ ಒಂದು ತುಣುಕು ಮೊದಲ ಸಲ ಹೊರಟು ನಿಂತಿತ್ತು. ಅದನ್ನು ಬಾಗಿಲಲ್ಲೇ ತಡೆಯಬೇಕೆಂದು ನಾನು ಇಷ್ಟೆಲ್ಲ ನಾಟಕ ಹೂಡಿದ್ದೆ.

ಮರುದಿನ ಅಂಜಿಕೆಗೆ ಬೆಳಿಗ್ಗೆ ಗುಟುಕು ನೀರೂ ಇಳಿಯಲಿಲ್ಲ. ಮಿರಜಿನಲ್ಲಿ ದೊಡ್ಡ ಪಾಳಿ. ನಮ್ಮ ಸರದಿ ಬಂದಾಗ ನಾಲ್ಕು ಗಂಟೆ. ಸೂಜಿ ಚುಚ್ಚಿ ಸ್ವಲ್ಪ ಹೊತ್ತು ಕೂರಿಸಿದರು. ಆಯಿ ನನ್ನ ಕೈ ಹಿಡಿದುಕೊಂಡರು. ನಾನು ಕಣ್ಣು ಮುಚ್ಚಿ ಮನಸ್ಸಿನಲ್ಲೇ ಣಮೋಕಾರ ಮಂತ್ರ ಹೇಳತೊಡಗಿದೆ. ಎರಡನೆಯ ಸಲ ಹೇಳುತ್ತಿದ್ದಾಗ ಡಾಕ್ಟರಬಾಯಿ 'ಆಯಿತು, ಏಳಿ' ಎಂದರು. ಏನು ಆಯಿತು ಎಂದು ಕಣ್ಣು ಬಿಟ್ಟರೆ, ತಟ್ಟೆಯಲ್ಲಿ ಹುಣಸೆ ಬೀಜದಷ್ಟು ದೊಡ್ಡದೂ ಅಲ್ಲದ ಒಂದು ಚೂರು. ಇದಕ್ಕೇನು ನಾನು ಒಂದು ತಿಂಗಳು ನಡುಗಿದ್ದು!

ಒಂದು ತಾಸು ಹತ್ತಿ ಕಚ್ಚಿಕೊಳ್ಳಿ, ಆಮೇಲೂ ಒಂದು ತಾಸು ಏನೂ ತಿನ್ನಬೇಡಿ ಎಂದರು. ಹಾಗೆಯೇ ಮಾಡಿದೆ. ಮನೆ ಮುಟ್ಟುವಷ್ಟರಲ್ಲಿ ಹೊತ್ತು ಮುಳುಗಿತ್ತು. ಹೊತ್ತು ಮುಳುಗಿದ ಮೇಲೆ ನಮ್ಮಲ್ಲಿ ಉಣ್ಣುವುದಿಲ್ಲ. ಇನ್ನು ನಾಳೆ ಬೆಳಿಗ್ಗೆಯೇ! ಹೊಟ್ಟೆ ಹಿಡಿದುಕೊಂಡು ಕಟ್ಟೆಯ ಮೇಲೆ ಕುಳಿತೆ. ಗೋಡೆಯಾಚೆಯಿಂದ ಪದ್ದಕ್ಕ ಇಣುಕಿದಳು.

"ವೈನಿ, ಹೊಟ್ಟಿಗೇನರ ತಗೊಂಡ್ರೇನ್ರಿ?"

"ಇಲ್ಲ ಪದ್ದಕ್ಕಾ. ಮುಂಜಾನಿಂದ ಒಂದ್ ಹನಿ ನೀರೂ ಇಲ್ಲ. ಇವತ್ತ ಖರೇ ಉಪವಾಸ."

ಪದ್ದಕ್ಕ ನನ್ನನ್ನು ನೋಡಿದಳು. ಆಮೇಲೆ ಬಾಗಿಲಲ್ಲಿ ನಿಂತಿದ್ದ ಯಜಮಾನರನ್ನು ನೋಡಿದಳು.

"ಹೌದೇನ್ರಿ, ಅಣ್ಣಾರ?"

ನಿನ್ನೆಯಿಂದ ಸರಿಯಾಗಿ ಮಾತನಾಡದಿದ್ದ ಯಜಮಾನರು ಗಂಭೀರವಾಗಿ ಹೇಳಿದರು:

"ತಡೀ ಪದ್ದಕ್ಕಾ, ಜ್ವಾಳದ ಚೀಲದ ಹಿಂದ ನೋಡಿ ಬಂದು ಹೇಳ್ತೇನಿ!"